ಹೈಸ್ಕೂಲಿನಿಂದ ಕಾಲೇಜಿಗೆ: ರೈತರ ಮಕ್ಕಳೂ ಪೋಷಕರೂ ತಿಳಿದಿರಬೇಕಾದ ಸಂಗತಿಗಳು

ಒಟ್ಲಿನಲ್ಲಿ ಹುಲುಸಾಗಿ ಬೆಳೆದ ಸಸಿಯನ್ನು ಕಿತ್ತು ಗದ್ದೆಗೆ ನಾಟಿ ಮಾಡಿದಾಗ ಅದು ಕೆಲವು ದಿನ ಬಾಡಿ ಹಳದಿಯಾಗುವುದು ರೈತರೆಲ್ಲರಿಗೂ ಗೊತ್ತಿರುವ ವಿಷಯ. ಸಸಿ ಕೆಟ್ಟಿತೆಂದು ಆಗ ಯಾರೂ ಅದನ್ನು ಕಿತ್ತೆಸೆಯುವುದಿಲ್ಲ. ಬೇರು ಹೊಸ ಮಣ್ಣನ್ನು ಹಿಡಿಯುವವರೆಗೆ ನೀರು ತಪ್ಪದಂತೆ ನೋಡಿಕೊಂಡರೆ ಅದು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಟೊಮೇಟೊ, ಮೆಣಸಿನಕಾಯಿ ಬೆಳೆಯುವವರು ಸಸಿ ಕೀಳುವುದಕ್ಕೆ ಒಂದು ವಾರ ಮೊದಲೇ ನೀರು ಕಡಿಮೆ ಮಾಡಿ ಸಸಿಯನ್ನು ಗಡಸುಗೊಳಿಸುತ್ತಾರೆ. ನಾಟಿಯ ಪೆಟ್ಟನ್ನು ತಡೆದುಕೊಳ್ಳಲಿ ಎಂಬುದೇ ಇದರ ಉದ್ದೇಶ.

ಹತ್ತನೆಯ ತರಗತಿ ಮುಗಿಸಿ ಪಟ್ಟಣದ ಕಾಲೇಜು ಸೇರುವ ಹಳ್ಳಿಯ ಹುಡುಗ ಹುಡುಗಿಯರಿಗೂ ಇಂತಹದೇ ಪೆಟ್ಟು ಬೀಳುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ಊರಿಗೇ ಮೊದಲಿಗರಾಗಿದ್ದವರು ಪ್ರಥಮ ಪಿ.ಯು.ಸಿ.ಯ ಮೊದಲ ಕಿರುಪರೀಕ್ಷೆಯಲ್ಲಿ ತೇರ್ಗಡೆಯ ಅಂಕವನ್ನೂ ಪಡೆಯದಿರುವುದುಂಟು. ಆಗ ಮನೆಯಲ್ಲಿ "ಇವನಿಗೆ ಓದು ಹತ್ತುವುದಿಲ್ಲ" ಎಂಬ ತೀರ್ಮಾನ ಬೇಗ ಆಗಿಬಿಡುತ್ತದೆ. ಹುಡುಗ ಪೇಟೆಯಲ್ಲಿ ಕೂಲಿಗೆ ನಿಲ್ಲುತ್ತಾನೆ, ಹುಡುಗಿಗೆ ಗಂಡು ನೋಡಲು ಆರಂಭಿಸುತ್ತಾರೆ. ಹೀಗೆ ನಷ್ಟವಾಗುವುದು ಒಂದು ವರ್ಷದ ಫೀಸಷ್ಟೇ ಅಲ್ಲ, ಒಂದು ಜೀವನದ ದಿಕ್ಕು. ಸ್ವಲ್ಪ ಮುಂದಾಲೋಚನೆಯಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆ ದಿಸೆಯಲ್ಲಿ ಕೆಲವು ಉಪಯುಕ್ತ ಸಲಹೆಗಳನ್ನು ಇಲ್ಲಿ ಕೊಡಲಾಗಿದೆ.

ಬದಲಾಗುವುದು ಏನೇನು?

ಹೈಸ್ಕೂಲಿನಲ್ಲಿ ವಿಜ್ಞಾನವೆಂಬುದು ಒಂದೇ ವಿಷಯ. ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ಅದೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಮೂರಾಗುತ್ತದೆ. ಇದರ ಜೊತೆಗೆ ಗಣಿತ, ಮೇಲೆ ಎರಡು ಭಾಷೆಗಳು. ಪುಸ್ತಕಗಳು ದಪ್ಪವಾಗುತ್ತವೆ, ಪಾಠದ ವೇಗ ಹೆಚ್ಚುತ್ತದೆ. ಕನ್ನಡದಲ್ಲಿ ಓದಿ ಬಂದವರಿಗೆ ಬೋಧನೆ ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಹೈಸ್ಕೂಲಿನಲ್ಲಿ ಮೇಷ್ಟ್ರು ನೋಟ್‌ಪುಸ್ತಕ ತಿದ್ದುತ್ತಿದ್ದರು, ಬರೆಯದಿದ್ದರೆ ಗದರುತ್ತಿದ್ದರು, ಒಂದು ದಿನ ಬರದಿದ್ದರೆ ಮನೆಗೆ ಹೇಳಿಕಳಿಸುತ್ತಿದ್ದರು. ಕಾಲೇಜಿನಲ್ಲಿ ಉಪನ್ಯಾಸಕರು ಪಾಠ ಮಾಡಿ ಹೋಗುತ್ತಾರೆ. ಓದಿದೆಯೋ ಬಿಟ್ಟೆಯೋ ಎಂದು ದಿನವೂ ಕೇಳುವವರಿಲ್ಲ. ಈ ಸ್ವಾತಂತ್ರ್ಯವನ್ನು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದರ ಮೇಲೆ ವಿದ್ಯಾರ್ಥಿಯ ಏಳುಬೀಳು ನಿಂತಿದೆ.

ಯಾವ ದಾರಿ ಹಿಡಿಯಬೇಕು?

ನೆರೆಯವರ ಮಗ ವಿಜ್ಞಾನ ತೆಗೆದುಕೊಂಡನೆಂದು ನಮ್ಮವನೂ ತೆಗೆದುಕೊಳ್ಳುವುದು, ಪಕ್ಕದ ಹೊಲದವನು ಹಾಕಿದನೆಂದು ನಮ್ಮ ಮಣ್ಣಿಗೆ ಒಗ್ಗದ ಬೆಳೆ ಹಾಕಿದಂತೆ. ಮಗುವಿಗೆ ಗಣಿತ, ವಿಜ್ಞಾನದಲ್ಲಿ ಆಸಕ್ತಿ ಇದೆಯೇ ಎಂದು ಅದಕ್ಕೆ ಪಾಠ ಹೇಳಿದ ಶಿಕ್ಷಕರನ್ನೇ ಕೇಳಿ ತಿಳಿಯುವುದು ಉತ್ತಮ. ಮುಖ್ಯವಾಗಿ ಇರುವ ದಾರಿಗಳು ಇವು:

1. ಪಿ.ಯು.ಸಿ. ವಿಜ್ಞಾನ: ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ ಮುಂತಾದ ಪದವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಆರಿಸಿಕೊಳ್ಳುವುದು ಕ್ಷೇಮ. ಒಂದನ್ನು ಬಿಟ್ಟರೆ ಮುಂದೆ ಕೆಲವು ಬಾಗಿಲುಗಳು ಮುಚ್ಚುತ್ತವೆ.

2. ಪಿ.ಯು.ಸಿ. ಕಲೆ ಮತ್ತು ವಾಣಿಜ್ಯ: ಇವು ದಡ್ಡರ ವಿಭಾಗಗಳೆಂಬುದು ತಪ್ಪು ಕಲ್ಪನೆ. ಶಿಕ್ಷಕ ವೃತ್ತಿ, ಆಡಳಿತ ಸೇವೆ, ಬ್ಯಾಂಕು, ಸಹಕಾರ ಸಂಘ, ಲೆಕ್ಕಪತ್ರದ ಕೆಲಸಗಳಿಗೆ ಇಲ್ಲಿಂದಲೇ ದಾರಿ. ಕಲಾ ವಿಭಾಗವನ್ನು ಕನ್ನಡ ಮಾಧ್ಯಮದಲ್ಲೇ ಓದಲು ಅವಕಾಶವಿದೆ.

3. ಕೃಷಿ ಡಿಪ್ಲೊಮಾ: ಎಸ್.ಎಸ್.ಎಲ್.ಸಿ. ನಂತರ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷಗಳ ಶಿಕ್ಷಣ. ಊರಿನಲ್ಲೇ ನಿಂತು ಬೇಸಾಯ ಮಾಡಬೇಕೆನ್ನುವವರಿಗೂ, ಬೀಜ ಗೊಬ್ಬರದ ವ್ಯವಹಾರ ಮಾಡಬೇಕೆನ್ನುವವರಿಗೂ ಇದು ಅನುಕೂಲ.

4. ಐ.ಟಿ.ಐ. ಮತ್ತು ಪಾಲಿಟೆಕ್ನಿಕ್: ಕೈಕೆಲಸದಲ್ಲಿ ಚುರುಕಾಗಿರುವ, ಪಂಪು, ಟ್ರ್ಯಾಕ್ಟರು ಬಿಚ್ಚಿ ಜೋಡಿಸುವ ಹುಡುಗರಿಗೆ ಸೂಕ್ತ.

ಎಸ್.ಎಸ್.ಎಲ್.ಸಿ.ಯಲ್ಲಿ ಒಂದೆರಡು ವಿಷಯ ಉಳಿದರೂ ಧೈರ್ಯಗೆಡಬಾರದು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಇದೆ.

ಕಾಗದಪತ್ರಗಳು ಬೇಸಿಗೆಯಲ್ಲೇ ಸಿದ್ಧವಾಗಲಿ

ಬಿತ್ತನೆಗೆ ಮುಂಚೆ ಬೀಜ ಗೊಬ್ಬರ ಒದಗಿಸಿಕೊಳ್ಳುವಂತೆ ಪ್ರವೇಶಕ್ಕೆ ಮುಂಚೆ ಕಾಗದಪತ್ರ ಒದಗಿಸಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ನಾಡಕಚೇರಿಯ ಮುಂದೆ ಜನ ತುಂಬುತ್ತಾರೆ. ಏಪ್ರಿಲ್ ತಿಂಗಳಲ್ಲಿಯೇ ಈ ಕೆಳಗಿನವುಗಳನ್ನು ಮಾಡಿಸಿಟ್ಟುಕೊಳ್ಳತಕ್ಕದ್ದು:

1. ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಬೇರೆ ಕಡೆಯೂ ಬರೆದಿಟ್ಟುಕೊಳ್ಳಿ.

2. ಒಂದರಿಂದ ಹತ್ತನೆಯ ತರಗತಿಯವರೆಗಿನ ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ದಾಖಲೆ. ವೃತ್ತಿ ಶಿಕ್ಷಣದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಾತಿ ಇದೆ. ಹತ್ತೂ ವರ್ಷಗಳ ದಾಖಲೆ ಸರಿಯಿರಬೇಕಾದ್ದರಿಂದ ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿಯೊಂದು ಶಾಲೆಯಲ್ಲಿಯೂ ವಿಚಾರಿಸಬೇಕು.

3. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು 371 ಜೆ ವಿಧಿಯ ಪ್ರಕಾರ ಕೊಡುವ ಅರ್ಹತಾ ಪ್ರಮಾಣಪತ್ರ.

4. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ. ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ವಿದ್ಯಾರ್ಥಿ ವೇತನ ನೇರವಾಗಿ ಖಾತೆಗೆ ಬರುತ್ತದೆ.

ಅಂಕಪಟ್ಟಿ, ಆಧಾರ್ ಮತ್ತು ಖಾತೆ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು, ಒಂದರಲ್ಲಿ "ಗೌಡ" ಸೇರಿ ಇನ್ನೊಂದರಲ್ಲಿ ಬಿಟ್ಟಿರುವುದು ಸಾಮಾನ್ಯ. ಸಣ್ಣದಾಗಿ ಕಾಣುವ ಈ ವ್ಯತ್ಯಾಸದಿಂದ ವಿದ್ಯಾರ್ಥಿ ವೇತನ ತಡೆಯಾಗುತ್ತದೆ.

ಫೀಸು ಮತ್ತು ಬಿತ್ತನೆ ಒಂದೇ ತಿಂಗಳಲ್ಲಿ

ಒಕ್ಕಲು ಮನೆತನದ ತೊಂದರೆ ಪಟ್ಟಣದವರಿಗೆ ತಿಳಿಯದು. ಕಾಲೇಜು ತೆರೆಯುವುದು ಜೂನ್ ತಿಂಗಳಲ್ಲಿ, ಮುಂಗಾರು ಬಿತ್ತನೆಯೂ ಅದೇ ತಿಂಗಳಲ್ಲಿ. ಕಳೆದ ವರ್ಷದ ಫಸಲಿನ ಹಣ ಕರಗಿ, ಹೊಸ ಫಸಲು ಇನ್ನೂ ಮಣ್ಣಿನಲ್ಲಿರುವಾಗ ಬೀಜ, ಗೊಬ್ಬರ, ಫೀಸು, ಪುಸ್ತಕ, ಹಾಸ್ಟೆಲ್ ಎಲ್ಲಕ್ಕೂ ಹಣ ಬೇಕು. ಈ ಇಕ್ಕಟ್ಟಿನಲ್ಲಿಯೇ ಹೆಚ್ಚು ಬಡ್ಡಿಯ ಕೈಸಾಲ ಹುಟ್ಟುತ್ತದೆ.

ಮಗು ಒಂಬತ್ತನೆಯ ತರಗತಿಯಲ್ಲಿದ್ದಾಗಲೇ ಸ್ವಲ್ಪ ಸ್ವಲ್ಪ ಕೂಡಿಡುವುದು ಇದಕ್ಕೆ ಮೊದಲ ಪರಿಹಾರ. ಹಾಲಿನ ಹಣದಲ್ಲಿ ವಾರಕ್ಕೆ 100 ರೂಪಾಯಿ ತೆಗೆದಿಟ್ಟರೂ ಎರಡು ವರ್ಷಕ್ಕೆ 10,000 ರೂಪಾಯಿಗೆ ಮೇಲಾಗುತ್ತದೆ. ಎರಡನೆಯದಾಗಿ, ಊರಿಗೆ ಹತ್ತಿರದ ಸರ್ಕಾರಿ ಪದವಿಪೂರ್ವ ಕಾಲೇಜನ್ನು ಮೊದಲು ವಿಚಾರಿಸಿ. ಅಲ್ಲಿ ಖರ್ಚು ಕಡಿಮೆ. ಫಲಕ ದೊಡ್ಡದಿದ್ದ ಮಾತ್ರಕ್ಕೆ ಪಾಠ ಒಳ್ಳೆಯದಿರಬೇಕೆಂದಿಲ್ಲ. ಉಪನ್ಯಾಸಕರು ಎಲ್ಲ ವಿಷಯಕ್ಕೂ ಇದ್ದಾರೆಯೇ, ಪ್ರಯೋಗಾಲಯ ನಡೆಯುತ್ತದೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಮೂರನೆಯದಾಗಿ, ಒಂದೇ ಕಂತಿನಲ್ಲಿ ಫೀಸು ಕಟ್ಟಲಾಗದಿದ್ದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ತಿಳಿಸಿ ಕಂತು ಕೇಳುವುದಕ್ಕೆ ಸಂಕೋಚಪಡಬಾರದು.

ರಾಜ್ಯ ಸರ್ಕಾರದ ವಿದ್ಯಾರ್ಥಿ ವೇತನಗಳಿಗೆ ಎಸ್.ಎಸ್.ಪಿ. ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಯೋಜನೆ ಆರಂಭವಾಯಿತು. ಅಂದು ಪಿ.ಯು.ಸಿ., ಐ.ಟಿ.ಐ. ಮತ್ತು ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. ಇಂತಹ ಯೋಜನೆಗಳ ನಿಯಮಗಳು ಆಗಾಗ ಬದಲಾಗುವುದರಿಂದ ಈ ವರ್ಷದ ಸ್ಥಿತಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ.

ಇಂಗ್ಲಿಷಿನ ತೊಡಕು

ಕನ್ನಡ ಮಾಧ್ಯಮದ ಮಕ್ಕಳು ವಿಜ್ಞಾನ ವಿಭಾಗದಲ್ಲಿ ಎಡವುವುದು ಬಹುತೇಕ ಇಲ್ಲಿಯೇ. ವಿಷಯ ಅವರಿಗೆ ಗೊತ್ತಿರುತ್ತದೆ, ಆದರೆ ಅದರ ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ. "ಆಸ್ಮೋಸಿಸ್" ಎಂದು ಉಪನ್ಯಾಸಕರು ಹೇಳಿದಾಗ ಹುಡುಗಿ ಹೆದರಿ ಕೂರುತ್ತಾಳೆ. ಅದು ಹತ್ತನೆಯ ತರಗತಿಯೊಳಗೆ ಓದಿದ ಅಭಿಸರಣೆಯೇ ಎಂದು ತಿಳಿದರೆ, ಮನೆಯಲ್ಲಿ ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ಉಪ್ಪು ತಾಗಿ ನೀರು ಬಿಡುವುದೂ ಅದರಿಂದಲೇ ಎಂದು ಹೊಳೆದರೆ, ಆ ಪದವನ್ನು ಅವಳು ಮತ್ತೆ ಮರೆಯುವುದಿಲ್ಲ.

ಆದ್ದರಿಂದ ಮೂರು ಕಲಮುಗಳ ಒಂದು ಪದಪುಸ್ತಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಇಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಹೈಸ್ಕೂಲಿನಲ್ಲಿ ಓದಿದ ಕನ್ನಡ ಪದ, ಮೂರನೆಯದರಲ್ಲಿ ಮನೆ ಅಥವಾ ಹೊಲದ ಒಂದು ಉದಾಹರಣೆ. ಮಾದರಿಗೆ ಕೆಲವು:

ಟ್ರಾನ್ಸ್‌ಪಿರೇಷನ್: ಬಾಷ್ಪ ವಿಸರ್ಜನೆ. ಬಿಸಿಲಿನಲ್ಲಿ ನಾಟಿ ಮಾಡಿದ ಸಸಿ ಬಾಡುತ್ತದೆ, ಸಂಜೆಯ ತಂಪಿನಲ್ಲಿ ನೆಟ್ಟದ್ದು ಅಷ್ಟು ಬಾಡುವುದಿಲ್ಲ.

ಕ್ಯಾಪಿಲರಿ: ಲೋಮನಾಳ. ಎಡೆಕುಂಟೆ ಹೊಡೆದಾಗ ಮೇಲ್ಮಣ್ಣಿನ ಸೂಕ್ಷ್ಮ ರಂಧ್ರಗಳ ಸಾಲು ತುಂಡಾಗಿ ಕೆಳಗಿನ ತೇವ ಉಳಿಯುತ್ತದೆ.

ನೈಟ್ರೋಜನ್ ಫಿಕ್ಸೇಷನ್: ಸಾರಜನಕ ಸ್ಥಿರೀಕರಣ. ಹೆಸರು, ತೊಗರಿ, ಶೇಂಗಾ ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳ ಕೆಲಸ.

ಲಿವರ್: ಸನ್ನೆ. ಹಾರೆ ಹಾಕಿ ಬಂಡೆ ಮೀಟುವಾಗ ಅಡಿಗೆ ಇಡುವ ಕಲ್ಲೇ ಆಧಾರಬಿಂದು.

ಪಿಎಚ್: ರಸಸಾರ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮೊದಲಿಗೆ ಕಾಣುವ ಅಂಕಿ. 7 ಎಂದರೆ ತಟಸ್ಥ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ.

ದಿನಕ್ಕೆ 10 ಪದಗಳಂತೆ ತಿಂಗಳಿಗೆ 25 ದಿನ ಬರೆದರೆ ನಾಲ್ಕು ತಿಂಗಳಲ್ಲಿ 1,000 ಪದಗಳಾಗುತ್ತವೆ. ಪ್ರಥಮ ಪಿ.ಯು.ಸಿ. ಪುಸ್ತಕಗಳನ್ನು ತಡವರಿಸದೆ ಓದಲು ಇದು ದೊಡ್ಡ ಆಧಾರ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳನ್ನು ಮಾರಿಬಿಡದೆ, ಅವೇ ಪುಸ್ತಕಗಳ ಇಂಗ್ಲಿಷ್ ಆವೃತ್ತಿಯನ್ನು ಏಪ್ರಿಲ್, ಮೇ ತಿಂಗಳಲ್ಲಿ ಜೊತೆಗಿಟ್ಟುಕೊಂಡು ಓದುವುದು ಬಹಳ ಫಲಕಾರಿ. ಸಸಿಯನ್ನು ಗಡಸುಗೊಳಿಸುವುದೆಂದರೆ ಇದೇ.

ತರಗತಿಯಲ್ಲಿ ಅರ್ಥವಾಗದಿದ್ದರೆ ಕನ್ನಡದಲ್ಲೇ ಕೇಳಬಹುದು. ನಗುವವರು ನಗಲಿ. ಕೇಳಿದವನಿಗೆ ಉತ್ತರ ಸಿಗುತ್ತದೆ.

ದಿನನಿತ್ಯದ ಓದು

ಅಂದಿನ ಪಾಠವನ್ನು ಅಂದೇ ಓದುವುದು ಮೊದಲ ನಿಯಮ. ಕಳೆಯನ್ನು ಎಳೆಯದಿದ್ದಾಗ ತೆಗೆದರೆ ಕೈಯಲ್ಲಿ ಬರುತ್ತದೆ, ಬಲಿತ ಮೇಲೆ ಕುಡುಗೋಲು ಬೇಕು. ಬಿಟ್ಟ ಪಾಠವೂ ಹಾಗೆಯೇ. ಕೆಳಗಿನ ಕ್ರಮ ಹೆಚ್ಚಿನವರಿಗೆ ಹೊಂದುತ್ತದೆ:

1. ಸಂಜೆ ಅಂದಿನ ಪ್ರತಿ ಪಾಠಕ್ಕೆ ಅರ್ಧ ಗಂಟೆ. ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆದು, ಮತ್ತೆ ತೆರೆದು ಹೋಲಿಸಬೇಕು. ಬರಿದೇ ಗಟ್ಟಿಯಾಗಿ ಓದಿದರೆ ಓದಿದಂತೆ ಅನಿಸುತ್ತದೆ, ಉಳಿಯುವುದಿಲ್ಲ.

2. ಗಣಿತ ಮತ್ತು ಭೌತಶಾಸ್ತ್ರದ ಲೆಕ್ಕಗಳನ್ನು ದಿನಕ್ಕೆ ಐದಾದರೂ ಸ್ವಂತ ಕೈಯಿಂದ ಬಿಡಿಸಬೇಕು. ಬಿಡಿಸಿದ್ದನ್ನು ನೋಡುವುದು ಅಭ್ಯಾಸವಲ್ಲ.

3. ಭಾನುವಾರ ಬೆಳಿಗ್ಗೆ ಎರಡು ಗಂಟೆ ವಾರದ ಪಾಠಗಳ ಪುನರಾವರ್ತನೆ.

4. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವವರು ಆ ಸಮಯವನ್ನು ಪದಪುಸ್ತಕಕ್ಕೆ ಮೀಸಲಿಡಬಹುದು.

ಮೊಬೈಲಿನಲ್ಲಿ ಒಳ್ಳೆಯ ಪಾಠಗಳಿವೆ ಎಂಬುದು ನಿಜ. ಆದರೆ ಪಾಠಕ್ಕೆಂದು ತೆಗೆದ ಮೊಬೈಲು ಪಾಠದಲ್ಲಿಯೇ ನಿಲ್ಲುವುದಿಲ್ಲ. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರುವುದು ಹಿತ.

ಪ್ರಯೋಗಾಲಯವನ್ನು ಹಳ್ಳಿಯ ಮಕ್ಕಳು ಹಿಂದೆ ನಿಂತು ನೋಡುವುದು ಹೆಚ್ಚು. ಹಾಗೆ ಮಾಡಬಾರದು. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಪ್ರತಿಯೊಂದರ 100 ಅಂಕಗಳಲ್ಲಿ 30 ಅಂಕ ಪ್ರಯೋಗಕ್ಕೇ ಇದೆ. ಸ್ಪ್ರೇಯರ್ ಬಿಚ್ಚಿ ಜೋಡಿಸಿದ ಕೈಗೆ ಬ್ಯೂರೆಟ್ಟು ಹಿಡಿಯುವುದು ಕಷ್ಟವಲ್ಲ.

ಹಾಜರಿ ಮತ್ತು ಹೊಲದ ಕೆಲಸ

ಪಿ.ಯು. ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಕಡ್ಡಾಯ. ಇದರ ಲೆಕ್ಕವನ್ನು ಪೋಷಕರು ಸರಿಯಾಗಿ ತಿಳಿಯಬೇಕು. ವರ್ಷದಲ್ಲಿ 200 ದಿನ ಪಾಠ ನಡೆದರೆ ಗೈರುಹಾಜರಿಗೆ ಇರುವುದು 50 ದಿನ ಮಾತ್ರ. ಬಿತ್ತನೆಗೆ 8 ದಿನ, ಕೊಯ್ಲು ಕಣಕ್ಕೆ 12 ದಿನ, ಮದುವೆ ಜಾತ್ರೆಗೆ 10 ದಿನ, ಜ್ವರ ನೆಗಡಿಗೆ 7 ದಿನ, ಬಸ್ಸು ತಪ್ಪಿದ್ದು 10 ದಿನ ಎಂದರೆ ಆಗಲೇ 47 ದಿನಗಳಾದವು. ಒಂದೊಂದೂ ಸಣ್ಣದಾಗಿ ಕಂಡರೂ ಕೂಡಿದಾಗ ವರ್ಷವೇ ಕೈಬಿಡುತ್ತದೆ.

ಮಕ್ಕಳು ಹೊಲದ ಕೆಲಸ ಮಾಡಬಾರದೆಂದು ಇದರ ಅರ್ಥವಲ್ಲ. ರಜಾದಿನಗಳಲ್ಲಿ, ಬೆಳಗಿನ ಒಂದು ಹೊತ್ತಿನಲ್ಲಿ ಮಾಡಲಿ. ಆದರೆ ಆಳಿನ ಕೂಲಿ ಉಳಿಯಿತೆಂದು ಕಾಲೇಜು ಬಿಡಿಸುವುದು ಲಾಭದ ವ್ಯವಹಾರವಲ್ಲ. ಆ ದಿನ ಹೋದ ಪಾಠವನ್ನು ಕೂಲಿ ಕೊಟ್ಟು ತರಲು ಆಗುವುದಿಲ್ಲ.

ಹಾಸ್ಟೆಲ್ ಮತ್ತು ಹೆಣ್ಣುಮಕ್ಕಳ ಓದು

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಅರ್ಜಿಗೆ ಕೊನೆಯ ದಿನಾಂಕವನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲೇ ತಿಳಿದುಕೊಳ್ಳಬೇಕು. ಹಾಸ್ಟೆಲಿಗೆ ಸೇರಿದ ಮೊದಲ ಆರು ವಾರ ಕಷ್ಟದ ಕಾಲ. ಊಟ ರುಚಿಸುವುದಿಲ್ಲ, ನಿದ್ರೆ ಬರುವುದಿಲ್ಲ, ಊರು ನೆನಪಾಗುತ್ತದೆ. ಪ್ರತಿ ಶನಿವಾರ ಓಡಿಬಂದರೆ ಬೇರು ಹಿಡಿಯುವುದು ತಡವಾಗುತ್ತದೆ. ವಾರಕ್ಕೆರಡು ಸಲ ಮಾತನಾಡಿಸಿ, ತಿಂಗಳಿಗೊಮ್ಮೆ ತಂದೆಯೋ ತಾಯಿಯೋ ಹೋಗಿ ನೋಡಿ ಬರುವುದು ಒಳ್ಳೆಯದು.

ಹುಡುಗಿಯರ ವಿಷಯದಲ್ಲಿ "ಕಾಲೇಜು ದೂರ" ಎಂಬ ಮಾತೇ ಓದಿಗೆ ಕೊನೆಯಾಗುತ್ತಿತ್ತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚು ತಪ್ಪಿದೆ. ಒಂದೇ ಊರಿನ ನಾಲ್ಕಾರು ಹುಡುಗಿಯರು ಒಂದೇ ಕಾಲೇಜಿಗೆ ಸೇರಿದರೆ ಜೊತೆಯಾಗಿ ಓಡಾಡಲು ಧೈರ್ಯ ಬರುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಗೆ ಹದಿನೈದು ಹದಿನಾರು ವರ್ಷ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ 18 ತುಂಬದ ಹುಡುಗಿಯ ಮದುವೆ ಮಾಡಿಸುವುದು ಶಿಕ್ಷಾರ್ಹ ಅಪರಾಧ. ಅಂತಹ ಒತ್ತಾಯ ಬಂದರೆ 1098 ಸಂಖ್ಯೆಗೆ ಹುಡುಗಿಯೇ ಕರೆ ಮಾಡಿ ನೆರವು ಕೇಳಬಹುದು.

ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ

ಪೋಷಕರು ಮುಖ್ಯವಾಗಿ ಎಚ್ಚರವಹಿಸಬೇಕಾದ ಘಟ್ಟ ಇದು. 90 ತೆಗೆಯುತ್ತಿದ್ದ ಮಗು 38 ತೆಗೆದರೆ ಅದು ಸೋಮಾರಿಯಾಯಿತೆಂದು ಬೈಯುವ ಮುನ್ನ ಉತ್ತರಪತ್ರಿಕೆಯನ್ನು ತರಿಸಿ ನೋಡಬೇಕು. ಓದಲು ಬಾರದ ಪೋಷಕರು ಊರಿನ ಶಿಕ್ಷಕರಿಗೆ ತೋರಿಸಬಹುದು. ಖಾಲಿ ಬಿಟ್ಟ ಪ್ರಶ್ನೆಗಳು ಹೆಚ್ಚಿದ್ದರೆ ಪ್ರಶ್ನೆಯೇ ಅರ್ಥವಾಗಿಲ್ಲ, ಅಂದರೆ ಭಾಷೆಯ ತೊಡಕು. ಲೆಕ್ಕ ಅರ್ಧಕ್ಕೆ ನಿಂತಿದ್ದರೆ ಅಭ್ಯಾಸದ ಕೊರತೆ. ಬರೆದದ್ದು ಸರಿಯಿದ್ದು ಕೊನೆಯ ಪ್ರಶ್ನೆಗಳು ಉಳಿದಿದ್ದರೆ ವೇಗದ ಕೊರತೆ. ರೋಗ ತಿಳಿಯದೆ ಔಷಧಿ ಸಿಂಪಡಿಸಬಾರದು ಎಂಬ ಮಾತು ಬೆಳೆಗಷ್ಟೇ ಅಲ್ಲ.

ಮಗು ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, "ನನ್ನಿಂದ ನಿಮಗೆ ಖರ್ಚು" ಎಂದು ಪದೇ ಪದೇ ಹೇಳತೊಡಗಿದರೆ ಅದನ್ನು ಹಗುರವಾಗಿ ಕಾಣಬಾರದು. ಸಾಲ ಮಾಡಿ ಓದಿಸುತ್ತಿದ್ದೇವೆಂದು ದಿನವೂ ನೆನಪಿಸುವುದು ಎಳೆಯ ಹೆಗಲಿಗೆ ಭಾರ. ಹತ್ತಿರ ಕೂರಿಸಿಕೊಂಡು ಕೇಳಬೇಕು. ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 2022ರಲ್ಲಿ ಆರಂಭವಾಗಿದ್ದು, 14416 ಸಂಖ್ಯೆಗೆ ಕರೆ ಮಾಡಿ ಆಪ್ತ ಸಮಾಲೋಚಕರೊಂದಿಗೆ ಕನ್ನಡದಲ್ಲಿಯೇ ಮಾತನಾಡಬಹುದು. ಒಂದು ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಇದೆ. ಮಗುವಿಗೆ ಬದಲು ಮಗು ಇಲ್ಲ.

ಕೃಷಿ ಪದವಿಗೆ ಹೋಗಬಯಸುವವರಿಗೆ

ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವೂ ನಾಲ್ಕು ವರ್ಷಗಳ ಪದವಿ ಶಿಕ್ಷಣ ಕೊಡುತ್ತವೆ. ಪ್ರವೇಶಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆಗಳಿರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ರೈತರ ಮಕ್ಕಳಿಗೆ ಕೃಷಿಕರ ಕೋಟಾದಡಿ ಸೀಟುಗಳಿವೆ. ಇದಕ್ಕೆ ತಹಸೀಲ್ದಾರರ ಪ್ರಮಾಣಪತ್ರ ಬೇಕಾಗುತ್ತದೆ. ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಗೊಬ್ಬರ, ಉಪಕರಣಗಳನ್ನು ಗುರುತಿಸಿ ಅವುಗಳ ಉಪಯೋಗ ತಿಳಿಸಬೇಕು. ಕೂರಿಗೆ, ಕುಂಟೆ ಹಿಡಿದವರಿಗೆ, ನವಣೆ ಯಾವುದು ಸಾಮೆ ಯಾವುದು ಎಂದು ಬಲ್ಲವರಿಗೆ ಇದು ಸುಲಭ. ತಮ್ಮ ಸೀಮೆಯಲ್ಲಿಲ್ಲದ ಬೆಳೆಗಳನ್ನೂ ಪರಿಚಯ ಮಾಡಿಕೊಳ್ಳಬೇಕು: ಬಯಲುಸೀಮೆಯವರು ಏಲಕ್ಕಿ, ಕಾಳುಮೆಣಸನ್ನು, ಮಲೆನಾಡಿನವರು ಕುಸುಬೆ, ಬಿಳಿಜೋಳವನ್ನು.

ಪದವಿ ತರಗತಿಯಲ್ಲಿ ಸೆಮಿಸ್ಟರ್ ಪದ್ಧತಿ ಇದೆ. ಒಂದು ವಿಷಯದ ಮುಂದೆ 2+1 ಎಂದಿದ್ದರೆ ವಾರಕ್ಕೆ ಎರಡು ಗಂಟೆ ಪಾಠ, ಒಂದು ಪ್ರಯೋಗದ ತರಗತಿ ಎಂದರ್ಥ. ಪರೀಕ್ಷೆಗಳು ಬೇಗ ಬೇಗ ಬರುತ್ತವೆ. ಆದ್ದರಿಂದ ಕೊನೆಯ ತಿಂಗಳಲ್ಲಿ ಓದುವ ಹೈಸ್ಕೂಲಿನ ಅಭ್ಯಾಸ ಇಲ್ಲಿ ನಡೆಯದು. ಹಿರಿಯ ವಿದ್ಯಾರ್ಥಿಗಳಿಂದ ಕಿರುಕುಳವಾದರೆ 1800-180-5522 ಸಂಖ್ಯೆಗೆ ದೂರು ಕೊಡಬಹುದು. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರೊಂದಿಗೆ ಕೆಲಸ ಮಾಡುತ್ತಾರೆ. ಹಳ್ಳಿಯಿಂದ ಹೋದವರು ಆಗ ಹಿಂಜರಿಯಬೇಕಾದ್ದೇ ಇರುವುದಿಲ್ಲ.

ನೆನಪಿಡಬೇಕಾದ ಮುಖ್ಯಾಂಶಗಳು

1. ಏಪ್ರಿಲ್ ತಿಂಗಳಲ್ಲೇ ಪ್ರಮಾಣಪತ್ರಗಳನ್ನು ಮಾಡಿಸಿ, ಹೆಸರುಗಳನ್ನು ಹೋಲಿಸಿ ನೋಡಿ.

2. ಮಗುವಿನ ಆಸಕ್ತಿ ಮತ್ತು ಶಿಕ್ಷಕರ ಅಭಿಪ್ರಾಯ ತಿಳಿದು ವಿಭಾಗ ಆರಿಸಿ.

3. ಫೀಸಿನ ಹಣವನ್ನು ಬಿತ್ತನೆಯ ಹಣದಿಂದ ಬೇರೆಯಾಗಿ ಮೊದಲೇ ಕೂಡಿಡಿ.

4. ಮೂರು ಕಲಮಿನ ಪದಪುಸ್ತಕವನ್ನು ರಜೆಯಲ್ಲೇ ಆರಂಭಿಸಲಿ.

5. ಹಾಜರಿಯ ಲೆಕ್ಕವನ್ನು ತಿಂಗಳಿಗೊಮ್ಮೆ ಕೇಳಿ ತಿಳಿದುಕೊಳ್ಳಿ.

6. ಮೊದಲ ಆರು ತಿಂಗಳ ಅಂಕಗಳನ್ನು ನೋಡಿ ಓದು ಬಿಡಿಸುವ ತೀರ್ಮಾನ ಮಾಡಬೇಡಿ.

ಬರುವ ಜೂನ್ ತಿಂಗಳಲ್ಲಿ ಯಾರ ಮನೆಯಿಂದ ಮಕ್ಕಳು ಕಾಲೇಜಿಗೆ ಹೊರಡಲಿದ್ದಾರೋ ಅವರು ಈಗಿನಿಂದಲೇ ಈ ಸಿದ್ಧತೆಗಳನ್ನು ಕೈಗೊಳ್ಳುವುದು ಶ್ರೇಯಸ್ಕರ.